ಜ್ಯೂರಿಕ್ ಎಂದರೆ ತುರಿಕೆ

ಡಲ್ಲಾಸ್

"ಅಕ್ಕನ ಮಗಳು ಶುಭಾ ಅಮೆರಿಕದ ಫಾರ್ಮರ್ಸ್ ಬ್ರಾಂಚಿನಲ್ಲಿದ್ದಾಳೆ, ಹೋಗಿಬರ್ತೀನಿ" ಎಂದು ಹೇಳಿದಾಗ ಮೈಸೂರಿನಲ್ಲಿ ನಮ್ಮ ಎದುರುಮನೆಯ ಪದ್ಮಮ್ಮ, "ಮ್ಯಾನೇಜರಾ, ಕ್ಯಾಷಿಯರಾ?" ಎಂದು ಕೇಳಿದ್ದರು. ಅದು ಬ್ಯಾಂಕಲ್ಲ, ಊರು ಎಂದು ಎಷ್ಟು ಬಿಡಿಸಿ ಹೇಳಿದರೂ ಅವರು ಪೂರ್ತಿ ನಂಬಲಿಲ್ಲ. ನನಗೂ ಒಳಗೊಳಗೆ ಅನುಮಾನವಿತ್ತು. ಹಾಗಾಗಿ ಡಲ್ಲಾಸ್ ವಿಮಾನ ನಿಲ್ದಾಣದಿಂದ ಹೊರಬಂದು ಕಾರಿನಲ್ಲಿ ಕೂತ ಮೇಲೆ ನಾನು ಮೊದಲು ಕೇಳಿದ್ದೇ ಆ ಹೆಸರಿನ ವಿಚಾರ.

ಕಾರು ಓಡಿಸುತ್ತಿದ್ದವನು ಶುಭಾಳ ಗಂಡ ಪ್ರಮೋದ್. ಧಾರವಾಡದವನು. ಇಲ್ಲಿಗೆ ಬಂದು ಎಷ್ಟು ವರ್ಷವಾದರೂ ಮಾತಿನಲ್ಲಿ ಧಾರವಾಡ ಹಾಗೇ ಇದೆ.

"ಇಲ್ಲಿ ಬ್ರಾಂಚ್ ಅಂದ್ರ ಹಳ್ಳರಿ ಚಿಕ್ಕಮ್ಮಾ. ರೈತರ ಹಳ್ಳ. ಈಗ ರೈತರೂ ಇಲ್ಲ, ಹಳ್ಳ ಎಲ್ಲದನೋ ನನಗೂ ಗೊತ್ತಿಲ್ಲ. ನಮ್ಮ ಆಫೀಸ ಅಷ್ಟ ಅದ."

ನನಗೆ ಊರುಗಳ ಹೆಸರಿನ ಹುಚ್ಚು ಮೊದಲಿನಿಂದಲೂ ಇದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುತ್ತಿದ್ದವಳು ನಾನು. ನಿವೃತ್ತಳಾದ ಮೇಲೂ ಬಸ್ಸಿನಲ್ಲಿ ಹೋಗುವಾಗ ಬೋರ್ಡುಗಳನ್ನು ಓದಿ, ಕೆರೆ ಎಲ್ಲೆಲ್ಲಿ ಗೆರೆಯಾಗಿದೆ ಎಂದು ಪಕ್ಕದಲ್ಲಿ ಕೂತವರಿಗೆ ವಿವರಿಸಿ ಅವರು ಬೇರೆ ಸೀಟು ಹುಡುಕುವ ಹಾಗೆ ಮಾಡುತ್ತೇನೆ.

ಈ ಸಲ ನನ್ನ ಪಕ್ಕ ಕೂತವಳು ಎದ್ದುಹೋಗುವ ಹಾಗಿರಲಿಲ್ಲ. ಶುಭಾ, ಪ್ರಮೋದರ ಮಗಳು ಇಂಚರ, ಎಂಟನೇ ಕ್ಲಾಸು, ಸೀಟ್‌ಬೆಲ್ಟ್ ಹಾಕಿಕೊಂಡಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಾನು "ಊಟ ಆಯ್ತಾ ಪುಟ್ಟಿ?" ಎಂದರೆ "ಯಾ, ಐ ಏಟ್" ಎನ್ನುತ್ತಾಳೆ. ಅವಳ ಮಡಿಲಲ್ಲಿ ಒಂದು ಕಟ್ಟು ಕಾರ್ಡುಗಳಿದ್ದವು. ಒಂದನ್ನು ಎತ್ತಿ ನೋಡಿದೆ. ಒಂದು ಬದಿಯಲ್ಲಿ ಲುಟೇಟಿಯಾ ಎಂದಿತ್ತು. ತಿರುಗಿಸಿದರೆ ಪ್ಯಾರಿಸ್.

"ಅದು ರೋಮನ್ನರ ಹೆಸರು ಚಿಕ್ಕಮ್ಮ" ಎಂದಳು ಮುಂದಿನ ಸೀಟಿನಿಂದ ಶುಭಾ. "ಸ್ಕೂಲಲ್ಲಿ ಲ್ಯಾಟಿನ್ ತಗೊಂಡಿದಾಳೆ. ಈಗ ಕ್ವಿಜ್ ಇದೆ ಆಸ್ಟಿನ್‌ನಲ್ಲಿ. ಮೂರು ಹೊತ್ತೂ ಇದೇ."

ಫಾರ್ಮರ್ಸ್ ಬ್ರಾಂಚ್

ಊರಿನಲ್ಲಿ ಮನೆಗಳಿವೆ, ಹುಲ್ಲಿದೆ, ದೊಡ್ಡ ರಸ್ತೆಯುದ್ದಕ್ಕೂ ಗಾಜಿನ ಕಚೇರಿಗಳಿವೆ. ಜನ ಇದ್ದಾರೆಂಬುದಕ್ಕೆ ಗ್ಯಾರೇಜಿನ ಬಾಗಿಲು ತೆರೆದು ಮುಚ್ಚುವ ಸದ್ದೇ ಸಾಕ್ಷಿ. ಬೆಳಿಗ್ಗೆ ವಾಕಿಂಗ್ ಹೊರಟರೆ ಎದುರಿಗೆ ಸಿಕ್ಕವರೆಲ್ಲ ಕೈಯೆತ್ತಿ ನಗುತ್ತಾರೆ. ಯಾರ ಮನೆಯವರು, ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲ. ಮೂರನೆಯ ಬೆಳಿಗ್ಗೆಯ ಹೊತ್ತಿಗೆ ಯಾರಾದರೂ ಕೇಳಲಿ ಎನ್ನಿಸಿತು. ಪದ್ಮಮ್ಮನ ನೆನಪೂ ಬಂತು.

ಮೊದಲ ರಾತ್ರಿಯ ಊಟದಲ್ಲೇ ಆ ಮನೆಯ ವ್ಯಾಜ್ಯ ಏನೆಂದು ಗೊತ್ತಾಯಿತು. ಇಂಚರ ಮುಂದಿನ ವರ್ಷ ಹೈಸ್ಕೂಲಿಗೆ ಹೋಗುತ್ತಾಳೆ. ಅಲ್ಲಿಯೂ ಲ್ಯಾಟಿನ್ ಬೇಕೆನ್ನುವುದು ಅವಳ ಆಸೆ. ಅದರ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲಿ ಎನ್ನುವುದು ಪ್ರಮೋದನ ಹಟ. ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಆಸ್ಟಿನ್‌ನಲ್ಲಿ ಅವಳ ತಂಡ ಫೈನಲ್ ತಲುಪಿದರೆ ಲ್ಯಾಟಿನ್, ಇಲ್ಲದಿದ್ದರೆ ಕಂಪ್ಯೂಟರ್.

"ಸತ್ತ ಭಾಷಾ ಅಲ್ಲೇನ್ರಿ ಅದು" ಎಂದ ಪ್ರಮೋದ್ ನನ್ನ ಕಡೆ ತಿರುಗಿ. "ಸತ್ತವರ ಕೂಡ ಮಾತಾಡಿ ಏನ್ ಮಾಡೂದು, ನೀವ ಹೇಳ್ರಿ."

ನನ್ನನ್ನು ಕೇಳಿದ್ದೇ ತಪ್ಪಾಯಿತು. ಹಳಗನ್ನಡ ಪಾಠ ಮಾಡುವವಳು ಈ ಮಾತನ್ನು ಎಷ್ಟು ಬಾಯಿಗಳಿಂದ ಕೇಳಿರಬಹುದು? ನನಗೆ ನಿಜಕ್ಕೂ ಸಿಟ್ಟು ಬಂತು. ಆದರೆ ಅಳಿಯನ ಮನೆಯಲ್ಲಿ ಉಣ್ಣುತ್ತಾ ಅಳಿಯನ ಮೇಲೆ ರೇಗುವುದು ಚೆನ್ನಾಗಿರುವುದಿಲ್ಲ ಎಂದು ಇನ್ನಷ್ಟು ಸಾರು ಹಾಕಿಸಿಕೊಂಡೆ. ಇಂಚರ ತಲೆ ಬಗ್ಗಿಸಿ ಅನ್ನ ಕಲೆಸುತ್ತಿದ್ದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅವರಪ್ಪ ನೋಡಲಿಲ್ಲ.

ಮರುದಿನದಿಂದ ಅವಳು ಸ್ಕೂಲಿನಿಂದ ಬಂದ ಮೇಲೆ ಕಾರ್ಡು ಹಿಡಿದು ಪ್ರಶ್ನೆ ಕೇಳುವ ಕೆಲಸ ನನಗೆ ಸಿಕ್ಕಿತು. ತಂಡದಲ್ಲಿ ನಾಲ್ಕು ಮಕ್ಕಳು. ಯುದ್ಧ, ದೇವತೆ, ವ್ಯಾಕರಣ ಎಲ್ಲ ಬೇರೆಯವರ ಪಾಲಾಗಿ ಇವಳಿಗೆ ಉಳಿದದ್ದು ಊರುಗಳು. ನಾನು ಓದಲು ಶುರು ಮಾಡಿದೊಡನೆ ತಿದ್ದಿದಳು. ಲ್ಯಾಟಿನ್ನಿನಲ್ಲಿ ಸಿ ಎಲ್ಲಿದ್ದರೂ ಕ, ಟಿ ಎಲ್ಲಿದ್ದರೂ ತ, ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಇದು ನಮ್ಮ ಭಾಷೆಯ ನ್ಯಾಯವೇ ಆಯಿತಲ್ಲ ಎಂದುಕೊಂಡು ಎಲ್ಲ ಹೆಸರುಗಳನ್ನೂ ಕನ್ನಡದಲ್ಲಿ ಬರೆದುಕೊಂಡೆ. ಒಂದು ಅಕ್ಷರವೂ ಕೊಸರಾಡಲಿಲ್ಲ.

ಅವಳಿಗೆ ಲಂಡನ್, ಪ್ಯಾರಿಸ್ ಬರುತ್ತಿದ್ದವು. ಸಣ್ಣ ಊರುಗಳು ಬಂದರೆ ಬಾಯಿ ಕಟ್ಟುತ್ತಿತ್ತು. ಜ್ಯೂರಿಕ್ ಎಂಬ ಊರಿಗೆ ರೋಮನ್ನರು ತುರಿಕಮ್ ಎನ್ನುತ್ತಿದ್ದರಂತೆ. ಅವಳು ನಾಲ್ಕು ಸಲ ಮರೆತಳು. ಐದನೆಯ ಸಲ ನನಗೆ ತಡೆಯಲಾಗಲಿಲ್ಲ.

"ತುರಿಕೆ ಅಂದ್ರೆ ಏನು ಗೊತ್ತಾ?"

ಅವಳು ಮಾತಾಡದೆ ಬಲಗೈಯಿಂದ ಎಡ ಮೊಣಕೈ ಪರಪರ ಕೆರೆದು ತೋರಿಸಿದಳು.

"ಅದೇ. ಜ್ಯೂರಿಕ್‌ಗೆ ಹೋದವರಿಗೆಲ್ಲ ತುರಿಕೆ."

ಹುಡುಗಿ ನಕ್ಕಳು. ನಾನು ಬಂದ ಮೇಲೆ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು. ಆಮೇಲೆ ನಮಗಿಬ್ಬರಿಗೂ ಭೂತ ಹಿಡಿಯಿತು. ಬೋರ್ಡೋ ಎಂಬ ಊರು ಬುರ್ದಿಗಲ. ಅಲ್ಲಿಯವರೆಲ್ಲ ಬುರುಡೆಗಳು, ಬರೀ ಬುರುಡೆ ಬಿಡುತ್ತಾರೆ. ಬಾತ್ ಎಂಬ ಊರು ಅಕ್ವೈ ಸುಲಿಸ್. ಸುಳಿಯಿರುವ ನೀರಿನಲ್ಲಿ ಸ್ನಾನಕ್ಕೆ ಇಳಿಯಬಾರದು. ಚೆಸ್ಟರ್ ಎಂಬುದು ದೇವ. ಚೆಸ್ಟ್ ಎಂದರೆ ಎದೆ ತಾನೆ, ದೇವರು ಇರುವುದೇ ಅಲ್ಲಿ. ಸ್ಪೇನಿನ ಕಾಡಿಸ್ ಎಂಬ ಊರು ರೋಮನ್ನರ ಬಾಯಲ್ಲಿ ಗಾದೆಸ್. ಇದಕ್ಕೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ, "ಗಾದೆ, ಕಾಡಿಸ್, ದಟ್ಸ್ ಯೂ ಚಿಕ್ಕಜ್ಜಿ" ಎಂದಳು. ದಿನವಿಡೀ ಗಾದೆ ಹೇಳಿ ಕಾಡಿಸುವ ಅಜ್ಜಿ ನಾನು ಎಂಬುದು ಆ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಪ್ರಮೋದ್ ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಇದನ್ನೆಲ್ಲ ಕೇಳಿಸಿಕೊಂಡ. "ಏನ್ರಿ ಚಿಕ್ಕಮ್ಮಾ, ರೋಮ್ ಸಾಮ್ರಾಜ್ಯಕ್ಕೆಲ್ಲ ತುರಿಕಿ ಹಚ್ಚೀರಿ?" ಎಂದ. ನಗಲಿಲ್ಲ, ಆದರೆ ಒಳಗೂ ಹೋಗಲಿಲ್ಲ. ಬಾಗಿಲ ಬಳಿ ನಿಂತೇ ಇದ್ದ.

ಫ್ಲೂಗರ್‌ವಿಲ್

ಡಲ್ಲಾಸಿನಿಂದ ಆಸ್ಟಿನ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನೀಲಿ ಹೂವು ಹಾಸಿದ ಹಾಗೆ ಅರಳಿತ್ತು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಒಬ್ಬರೂ ಒಂದು ಹೂವು ಕೀಳಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟೂ ಹೂವು ಸಂಜೆಯೊಳಗೆ ದಾರಕ್ಕೇರಿ ದೇವರಾಜ ಮಾರುಕಟ್ಟೆಯ ಮುಂದೆ ಮೊಳದ ಲೆಕ್ಕದಲ್ಲಿ ಹೋಗಿರುತ್ತಿತ್ತು. ನಾನೂ ಕಿತ್ತು ಮುಡಿಯಬೇಕೆಂದು ಬಗ್ಗಿದೆ. ಶುಭಾ ಕೈ ಹಿಡಿದು, "ಚಿಕ್ಕಮ್ಮ, ಇಲ್ಲಿ ಯಾರೂ ಕೀಳಲ್ಲ, ಎಲ್ರೂ ನೋಡ್ತಿದಾರೆ" ಎಂದಳು. ಖಾಲಿ ಮುಡಿಯಲ್ಲೇ ಫೋಟೋಗೆ ನಿಂತೆ.

ರಾತ್ರಿ ತಂಗಿದ್ದು ಆಸ್ಟಿನ್ನಿಗೆ ಮೊದಲೇ ಸಿಗುವ ಫ್ಲೂಗರ್‌ವಿಲ್‌ನಲ್ಲಿ. ಇಂಗ್ಲಿಷಿನಲ್ಲಿ ಈ ಊರಿನ ಹೆಸರು ಪಿ ಅಕ್ಷರದಿಂದ ಶುರುವಾಗುತ್ತದೆ, ಆದರೆ ಆ ಪಿಯನ್ನು ಯಾರೂ ಉಚ್ಚರಿಸುವುದಿಲ್ಲ. ಹೋಟೆಲಿನ ಹುಡುಗಿಯ ಮುಂದೆ ನಾನು ಪ್ರಾಮಾಣಿಕವಾಗಿ ಅದನ್ನೂ ಸೇರಿಸಿ "ಪ್ಫ್ಲೂ" ಎಂದಾಗ ಅವಳ ಮುಖಕ್ಕೆ ನಾಲ್ಕು ಹನಿ ಹಾರಿದವು. ಕ್ಷಮೆ ಕೇಳಿದೆ. ಹೊಸಬರೆಲ್ಲ ಹೀಗೇ ಮಾಡುತ್ತಾರೆ ಎಂದು ಅವಳೇ ಸಮಾಧಾನ ಹೇಳಿದಳು.

ಬೆಳಗಿನ ತಿಂಡಿಯಲ್ಲಿ ಇನ್ನೊಂದು ಎಡವಟ್ಟು. ಅಲ್ಲೊಂದು ಕಬ್ಬಿಣದ ಅಚ್ಚು ಇತ್ತು, ಹಿಟ್ಟು ಹೊಯ್ದು ಮುಚ್ಚಿದರೆ ಟೆಕ್ಸಸ್ ರಾಜ್ಯದ ಆಕಾರದ ವಾಫಲ್ ಬರುತ್ತದೆ. ದೋಸೆ ಹುಯ್ದ ಕೈ ನನ್ನದು. ಧಾರಾಳವಾಗಿ ಎರಡು ಸೌಟು ಹಾಕಿದೆ. ಮುಚ್ಚಿದೊಡನೆ ಹಿಟ್ಟು ನಾಲ್ಕೂ ಗಡಿ ದಾಟಿ ಮೇಜಿನ ಮೇಲೆ ಹರಿಯಿತು. ದೊಡ್ಡ ಟೋಪಿಯ ಮುದುಕರೊಬ್ಬರು ಎದ್ದು ಬಂದು ಹಿಡಿಕೆ ತಿರುಗಿಸಿ, ಮೇಜನ್ನೂ ಒರೆಸಿ, ನನ್ನ ವಾಫಲನ್ನು ತಟ್ಟೆಗೆ ಹಾಕಿಕೊಟ್ಟರು. ಆಮೇಲೆ ಫೋರ್ಕಿನ ತುದಿಯಿಂದ ಅದರ ಪಶ್ಚಿಮದ ಮೂಲೆ ತೋರಿಸಿ, ತಾನು ಇಲ್ಲಿಯವನು, ಯಾವತ್ತೂ ಈ ಮೂಲೆಯನ್ನು ಕೊನೆಯಲ್ಲಿ ತಿನ್ನುತ್ತೇನೆ ಎಂದರು. ನಿಮ್ಮದು ಯಾವ ಊರು ಎಂದು ಕೇಳಿದರು. ನಾನು ಮೈಸೂರು ಎಂದೆ. ಅದು ಹಳೆಯ ಹೆಸರೋ ಹೊಸ ಹೆಸರೋ ಎಂದರು. ಎರಡೂ ಎಂದೆ. ನಾವು ಯಾವತ್ತೂ ಹೀಗೇ ಕರೆಯುತ್ತಿದ್ದೆವು, ಇಂಗ್ಲಿಷ್ ಬೋರ್ಡು ಈಚೆಗೆ ನಮ್ಮ ದಾರಿಗೆ ಬಂತು ಎಂದು ವಿವರಿಸಿದೆ. ಅವರು ಎದ್ದುಹೋಗದೆ ಕೇಳಿದರು. ಬಸ್ಸಿನವರಿಗಿಂತ ಒಳ್ಳೆಯವರು.

ಇಂಚರ ಏನೂ ತಿನ್ನಲಿಲ್ಲ. ಕಾರ್ಡುಗಳನ್ನು ತಿರುವುತ್ತಿದ್ದಳು. ಪ್ರಮೋದ್ ಅವಳ ಮುಂದೆ ಒಂದು ಬಾಳೆಹಣ್ಣು ಸುಲಿದಿಟ್ಟು, "ಸೋತ್ರ ಆಕಾಶೇನ್ ಬೀಳೂದಿಲ್ಲ, ತಿನ್ನು" ಎಂದ. "ಫಾರ್ ಯೂ" ಎಂದಳು ಅವಳು. ನಿನಗೆ ಬೀಳುವುದಿಲ್ಲ, ನನಗೆ ಬೀಳುತ್ತದೆ ಎಂದು ಅರ್ಥ.

ಆಸ್ಟಿನ್

ಸ್ಪರ್ಧೆ ನಡೆದದ್ದು ಒಂದು ದೊಡ್ಡ ಶಾಲೆಯಲ್ಲಿ. ಒಳಗೆ ಹೋದರೆ ಎಲ್ಲಿ ನೋಡಿದರೂ ಬೆಡ್‌ಶೀಟ್ ಸುತ್ತಿಕೊಂಡ ಮಕ್ಕಳು. ರೋಮನ್ನರ ಉಡುಪಂತೆ. ಎಡ ಹೆಗಲ ಮೇಲೆ ಹೊದೆಯಬೇಕು, ನಮ್ಮ ಶಲ್ಯದ ಹಾಗೆ. ಆದರೆ ಉಟ್ಟು ಅಭ್ಯಾಸವಿಲ್ಲದ ಮಕ್ಕಳು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಜಾರುವ ರೋಮ್ ಸಾಮ್ರಾಜ್ಯ ಹಿಡಿದುಕೊಂಡು ಓಡಾಡುತ್ತಿದ್ದರು. ನನ್ನ ಬಳೆಗೆ ಯಾವಾಗಲೂ ಏಳೆಂಟು ಸೇಫ್ಟಿಪಿನ್ ಸಿಕ್ಕಿಸಿರುತ್ತೇನೆ. ಇಂಚರಳಿಗೆ ಎರಡು ನೆರಿಗೆ ಹಿಡಿದು ಪಿನ್ನು ಹಾಕಿದ್ದೇ ತಡ, ಅವಳ ತಂಡದವರು ಸಾಲಾಗಿ ನಿಂತರು. ಅವರ ಹಿಂದೆ ಎದುರಾಳಿ ಶಾಲೆಯವರೂ ನಿಂತರು. ಯಾರಿಗೂ ಇಲ್ಲವೆನ್ನಲಿಲ್ಲ. ಶುಭಾಳ ಮಂಗಳಸೂತ್ರದ ಪಿನ್ನುಗಳೂ ಅವತ್ತು ರೋಮಿಗೆ ಸಂದವು.

ಮೊದಲ ಸುತ್ತುಗಳನ್ನು ನಮ್ಮ ಹುಡುಗರು ದಾಟಿದರು. ಬುರ್ದಿಗಲ ಬಂತು, ದೇವ ಬಂತು. ಎರಡಕ್ಕೂ ಇಂಚರ ಮುಂದಿದ್ದ ಬಜರಿನ ಗುಂಡಿ ಒತ್ತಿ ಹೇಳಿದಳು. ಪ್ರಮೋದ್ ಮೊದಲು ಫೋನ್ ನೋಡುತ್ತಾ ಕೂತಿದ್ದವನು ಅದನ್ನು ಜೇಬಿಗೆ ಹಾಕಿದ.

ಸೆಮಿಫೈನಲ್‌ನಲ್ಲಿ ಮೂರು ತಂಡಗಳು, ಗೆದ್ದವರು ಮಾತ್ರ ಫೈನಲ್‌ಗೆ. ಕೊನೆಯ ಪ್ರಶ್ನೆಯ ಹೊತ್ತಿಗೆ ನಮ್ಮವರು ಮತ್ತು ಇನ್ನೊಂದು ತಂಡದವರು ಸಮ ಸಮ ಬಂದಿದ್ದರು. ಪ್ರಶ್ನೆ ಓದುತ್ತಿದ್ದವರು ಬಿಳಿಗೂದಲಿನ ಟೀಚರ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡವರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವನ್ನು ರೋಮನ್ನರು ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂದು ಕೇಳಿದರು.

ಇಂಚರಳ ಕೈ ತಾನಾಗಿಯೇ ಎಡ ಮೊಣಕೈಗೆ ಹೋಗಿ ಒಂದು ಸಲ ಕೆರೆದು ಗುಂಡಿ ಒತ್ತಿತು. ಎಲ್ಲರಿಗಿಂತ ಮೊದಲು.

"ತುರಿಕೆ" ಎಂದಳು.

ಅಚ್ಚ ಕನ್ನಡದ ತುರಿಕೆ. ಮೈಸೂರಿನ ಯಾವ ಔಷಧಿ ಅಂಗಡಿಯಲ್ಲಿ ಹೇಳಿದರೂ ಮುಲಾಮು ತೆಗೆದುಕೊಡುವಷ್ಟು ಸ್ಪಷ್ಟವಾದ ತುರಿಕೆ.

ಟೀಚರ್ ಕನ್ನಡಕ ಮೇಲೆತ್ತಿದರು. ಕಡೆಯ ಭಾಗ ಸರಿಯಾಗಿ ಕೇಳಿಸಲಿಲ್ಲ, ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳು ಎಂದರು. ಇಡೀ ಕೋಣೆಯಲ್ಲಿ ಅದು ಯಾವ ಭಾಷೆಯ ಯಾವ ಮಾತು ಎಂದು ಗೊತ್ತಿದ್ದವರು ನಾವು ನಾಲ್ಕೇ ಜನ. ಈಗ ತುರಿಕಮ್ ಎಂದರೆ ಮುಗಿಯಿತು, ಫೈನಲ್, ಲ್ಯಾಟಿನ್, ಎಲ್ಲ ಸಿಕ್ಕಂತೆ. ಹೇಳೇ ಹುಡುಗಿ, ಕೊನೆಗೊಂದು ಮ್ ಸೇರಿಸಿಬಿಡೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಜೀವಮಾನವಿಡೀ ಪರೀಕ್ಷೆಯಲ್ಲಿ ಮಕ್ಕಳ ಕಾಪಿ ಚೀಟಿ ಹಿಡಿದುಹಾಕಿದ ಮೇಡಮ್ಮಿನ ಬುದ್ಧಿ ಅಷ್ಟೊತ್ತಿಗೆ ಎಲ್ಲಿ ಹೋಗಿತ್ತೋ.

ಇಂಚರ ನನ್ನ ಕಡೆ ನೋಡಿದಳು. ಮುಖ ಕೆಂಪಾಗಿತ್ತು. ತಪ್ಪು ಗೊತ್ತಾಗಿತ್ತು ಅವಳಿಗೆ. ಸರಿ ಉತ್ತರವೂ ಗೊತ್ತಿತ್ತು. ಆಮೇಲೆ ಟೀಚರ್ ಕಡೆ ತಿರುಗಿ, ತಾನು ಹೇಳಿದ್ದು ತುರಿಕೆ, ಅದು ಲ್ಯಾಟಿನ್ ಅಲ್ಲ, ಸಾರಿ ಎಂದಳು.

ಅವಕಾಶ ಸಮವಾಗಿದ್ದ ಆ ಇನ್ನೊಂದು ತಂಡಕ್ಕೆ ಹೋಯಿತು. ನಾನು ಪಿನ್ನು ಹಾಕಿಕೊಟ್ಟಿದ್ದ ಹುಡುಗ ಎದ್ದು ನಿಂತು ತುರಿಕಮ್ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ" ಎಂದಳು ಶುಭಾ ಮೆಲ್ಲಗೆ. ನನಗೆ ನನ್ನ ಮೇಲೇ ವಿಪರೀತ ಕೋಪ ಬಂತು. ಮಗು ತನ್ನ ಪಾಡಿಗೆ ತಾನು ತುರಿಕಮ್ ಎಂದು ಬಾಯಿಪಾಠ ಮಾಡಿಕೊಂಡಿದ್ದರೆ ಐದನೆಯ ಸಲ ಅಲ್ಲದಿದ್ದರೂ ಐವತ್ತನೆಯ ಸಲಕ್ಕೆ ಬರುತ್ತಿತ್ತು. ನಡುವೆ ಬಂದು ತುರಿಕೆ ಹಚ್ಚಿದವಳು ನಾನು.

ಕೇಟಿ

ನನ್ನ ವಾಪಸು ವಿಮಾನ ಹ್ಯೂಸ್ಟನ್ನಿನಿಂದ ಇತ್ತು. ಅದಕ್ಕೆ ಮೊದಲು ಊರಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ ಪ್ರಮೋದನ ಅಣ್ಣನ ಮನೆಯಲ್ಲಿ ಒಂದು ರಾತ್ರಿ ಇರುವುದೆಂದಾಗಿತ್ತು. ಆಸ್ಟಿನ್ನಿನಿಂದ ಅಲ್ಲಿಯವರೆಗೆ ಕಾರಿನಲ್ಲಿ ಇಂಚರ ಇನ್ನೂ ಆ ಬೆಡ್‌ಶೀಟನ್ನೇ ಹೊದ್ದು ಕಿಟಕಿಗೆ ತಲೆಯಾನಿಸಿದ್ದಳು. "ತಪ್ಪು ನನ್ನದು ಪುಟ್ಟಿ" ಎಂದೆ. ತಲೆಯಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಪ್ರಮೋದನ ಅಣ್ಣ ಚರ್ಮದ ಡಾಕ್ಟರಾಗಿದ್ದು ಈಗ ನಿವೃತ್ತರು. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದು, "ಏನವಾ, ಗೆದ್ದೀಯೋ ಇಲ್ಲೋ?" ಎಂದು ಕೇಳಿಯೇಬಿಟ್ಟರು. ಅವಳು ಇಲ್ಲವೆಂದಳು. ಶುಭಾ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಈ ತುರಿಕಿಯಿಂದನ ನಮ್ಮ ಮನಿ ನಡದದ್ದು" ಎಂದರು. "ದಿನಾ ಬೆಳಗಾದ್ರ ಅದನ್ನ ನೋಡಿ, ಅದಕ್ಕೊಂದು ಲ್ಯಾಟಿನ್ ಹೆಸರು ಬರದು ಕೊಡ್ತಿದ್ದೆ. ಲ್ಯಾಟಿನ್ನಿನ್ಯಾಗ ಬರದ್ರ ರೋಗಾ ದೊಡ್ಡದು ಅನಸ್ತದ, ಪೇಶಂಟ್ ಮಾತು ಕೇಳ್ತಾನ. ಸತ್ತ ಭಾಷಾ ಅಂತ ಯಾರ್ ಹೇಳಿದ್ರು?"

ಹೇಳಿದವನು ಎದುರಿಗೇ ಚಪಾತಿ ಮುರಿಯುತ್ತಿದ್ದ. "ಆದ್ರೂ ಮಾತು ಮಾತೇ ಅಲ್ಲೇನಣ್ಣಾ" ಎಂದ. "ಫೈನಲ್ ಮುಟ್ಟಿದ್ರ ಅಂತ ಆಗಿತ್ತು. ಉತ್ತರ ತಪ್ಪಾತು."

ಆಗ ಇಂಚರ ತಟ್ಟೆಯಿಂದ ತಲೆ ಎತ್ತಿದಳು.

"ಅಪ್ಪ, ನಾನು ತಪ್ಪು ಹೇಳಿಲ್ಲ" ಎಂದಳು. "ಕನ್ನಡದಲ್ಲಿ ಹೇಳಿದೆ."

ಶುಭಾಳ ಲಟ್ಟಣಿಗೆ ನಿಂತಿತು. ಆ ಹುಡುಗಿ ನನ್ನೆದುರು ಆಡಿದ ಮೊದಲ ಪೂರ್ತಿ ಕನ್ನಡ ಮಾತು ಅದು. ಪ್ರಮೋದ್ ಚಪಾತಿಯ ತುಂಡನ್ನು ಪಲ್ಯಕ್ಕೆ ಅದ್ದಿ, ತಿನ್ನದೆ ಹಾಗೇ ಹಿಡಿದುಕೊಂಡಿದ್ದ.

ಹ್ಯೂಸ್ಟನ್ ವಿಮಾನ ನಿಲ್ದಾಣ

ಮರುದಿನ ಕೇಟಿಯಿಂದ ಹೊರಟಾಗ ರಸ್ತೆಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ವಿಮಾನ ತಪ್ಪುತ್ತದೆಂದು ನನಗೆ ದಿಗಿಲಾದರೂ ಯಾರೂ ಹಾರ್ನ್ ಮಾಡದ ಕಾರಣ ಬಾಯಿ ಮುಚ್ಚಿಕೊಂಡು ಕೂತೆ. ಹೇಗೋ ತಲುಪಿದೆವು. ಪ್ರಮೋದ್ ಸೂಟ್‌ಕೇಸ್ ಇಳಿಸಿಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಎದ್ದವನು ಅಲ್ಲೇ ನಿಂತು ಹೇಳಿದ.

"ನಿಮಗೊಂದು ಮಾತು ಹೇಳಬೇಕ್ರಿ ಚಿಕ್ಕಮ್ಮಾ. ನಿನ್ನೆ ಆ ಟೀಚರ್ ಇನ್ನೊಮ್ಮೆ ಹೇಳು ಅಂದ್ರಲ್ಲ, ಆವಾಗ ನಾನೂ ಮನಸಿನ್ಯಾಗ ತುರಿಕಮ್ ಅನ್ನು, ತುರಿಕಮ್ ಅನ್ನು ಅಂತ ಹೇಳಿಕೊಡಾಕ ಹತ್ತಿದ್ದೆ. ಸೋಲಲಿ ಅಂತ ಇದ್ದಾಂವ ನಾನು."

"ನಾನೂ ಅದನ್ನೇ ಮಾಡ್ತಿದ್ದೆ ಕಣಪ್ಪ" ಎಂದೆ.

"ಇಬ್ಬರೂ ಕೂಡಿ ಕಳ್ಳತನ ಕಲಿಸಲಿಕ್ಕೆ ನಿಂತಿದ್ವಿ. ಆಕಿ ಕಲೀಲಿಲ್ಲ." ಅವನು ಕಾರಿನ ಕಡೆ ತಿರುಗಿದ. ಇಂಚರ ಅರ್ಧ ಇಳಿಸಿದ ಕಿಟಕಿಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ತುರಿಕಿ ಎದ್ದ ಮ್ಯಾಲ ಕೆರಕೋಬ್ಯಾಡ ಅಂದ್ರ ಯಾರ್ ಕೇಳ್ತಾರ?" ಎಂದ ಅವಳಿಗೆ. "ತಗೋವಾ. ಲ್ಯಾಟಿನ್ನ ತಗೋ."

ಅವಳು ನನ್ನನ್ನೇ ನೋಡುತ್ತಾ ಬಲಗೈಯಿಂದ ಎಡ ಮೊಣಕೈಯನ್ನು ಪರಪರ ಕೆರೆದುಕೊಂಡಳು.